ದಪ್ಪ ಮೈಯವರಿಗೆ ಫ್ಲೂ ಬಂದಾಗ ಮನೆಯವರು ಏನು ಮಾಡಬೇಕು?

ನಾನು ಮೈಸೂರಿನಲ್ಲಿ ಫಿಸಿಯೋಥೆರಪಿಸ್ಟ್. ಮಂಡಿ, ಸೊಂಟ ನೋಡುವವಳಲ್ಲ, ಐಸಿಯುನಲ್ಲಿ ಎದೆ ನೋಡುವವಳು. ಕಫ ಹೊರಗೆ ತರಿಸುವುದು, ಮಗ್ಗುಲು ಬದಲಿಸುವುದು, ವೆಂಟಿಲೇಟರ್ ಬಿಡಿಸಿದವರನ್ನು ಮೊದಲ ಸಲ ಮಂಚದ ಅಂಚಿಗೆ ಕೂರಿಸುವುದು, ಇದೆಲ್ಲ ನನ್ನ ಕೆಲಸ. ಹುಣಸೂರಿನಲ್ಲಿ ಟೈರ್ ಅಂಗಡಿ ಇಟ್ಟಿರುವ ನನ್ನ ಅಣ್ಣನ ತೂಕ 112 ಕೆಜಿ. ಹೋದ ಮಳೆಗಾಲದಲ್ಲಿ ಅವನಿಗೆ ಎಚ್1ಎನ್1, ಅಂದರೆ ಹಂದಿ ಜ್ವರ ಅನ್ನುವ ಫ್ಲೂ ಬಂತು. ಆಸ್ಪತ್ರೆಯಲ್ಲಿ ಮಾಡುವ ಕೆಲಸವನ್ನೇ ಅವನ ಮನೆಯಲ್ಲೂ ಮಾಡಬೇಕಾಯಿತು. ಪಕ್ಕದಲ್ಲಿ ನಿಂತು ಅತ್ತಿಗೆ ಕೇಳಿದ ಪ್ರಶ್ನೆಗಳಿಗೆ ಉತ್ತರ ಕೊಡುತ್ತಾ ಕೊಡುತ್ತಾ ಈ ಬರಹ ಹುಟ್ಟಿತು.

ಹೇಳಬೇಕಾದ್ದು ಎರಡೇ. ದಪ್ಪ ಇರುವವರಿಗೆ ಫ್ಲೂ, ಕೋವಿಡ್‌ನಂಥ ಉಸಿರಾಟದ ವೈರಸ್ ಬಂದಾಗ ಅಂಗಾತ ಮಲಗಿಸಬೇಡಿ. "ಇನ್ನೆರಡು ದಿನ ನೋಡೋಣ" ಅಂತ ಕಾಯಬೇಡಿ. ಉಳಿದದ್ದೆಲ್ಲ ಇವೆರಡನ್ನೂ ಮಾಡುವುದು ಹೇಗೆ ಅನ್ನುವ ವಿವರ. ಔಷಧಿ ಬರೆಯುವುದು ಡಾಕ್ಟರ ಕೆಲಸ, ಅದನ್ನು ನಾನು ಮಾಡುವುದಿಲ್ಲ. ಡಾಕ್ಟರ ಹತ್ತಿರ ಏನು ಕೇಳಬೇಕು, ಮನೆಯಲ್ಲಿ ಏನು ನೋಡಬೇಕು, ಅಷ್ಟು ಹೇಳುತ್ತೇನೆ.

ಯಾರಿಗೆ ಈ ಮಾತು

ಎತ್ತರಕ್ಕೆ ತೂಕ ಜಾಸ್ತಿಯಾ ಅಂತ ನೋಡುವ ಅಳತೆ ಬಿಎಂಐ. ಅದರ ಲೆಕ್ಕ ಸುಲಭ. ತೂಕವನ್ನು ಕೆಜಿಯಲ್ಲಿ ತೆಗೆದುಕೊಳ್ಳಿ. ಎತ್ತರವನ್ನು ಮೀಟರ್‌ನಲ್ಲಿ ಬರೆದು, ಅದನ್ನು ಅದರಿಂದಲೇ ಗುಣಿಸಿ. ತೂಕವನ್ನು ಆ ಸಂಖ್ಯೆಯಿಂದ ಭಾಗಿಸಿ. ಅಣ್ಣನ ಎತ್ತರ 1.68 ಮೀಟರ್, ಹಾಗಾಗಿ ಅವನ ಬಿಎಂಐ ಹತ್ತಿರ ಹತ್ತಿರ 40. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 30 ಮತ್ತು ಅದರ ಮೇಲೆ ಇದ್ದರೆ ಬೊಜ್ಜು. ನಮ್ಮ ದೇಶದ ವೈದ್ಯರು 2009ರಲ್ಲಿ ಒಟ್ಟಾಗಿ ಕೂತು ಭಾರತೀಯರಿಗೆ 25 ಸಾಕು ಅಂದರು. ನಮ್ಮವರಲ್ಲಿ ಕೊಬ್ಬು ಹೊಟ್ಟೆಯ ಸುತ್ತ ಜಾಸ್ತಿ ಸೇರುತ್ತದೆ ಅನ್ನುವುದು ಅದಕ್ಕೆ ಕಾರಣ.

ಉಸಿರಾಟದ ಮಟ್ಟಿಗೆ ನನಗೆ ಬಿಎಂಐಗಿಂತ ಟೇಲರ್ ಟೇಪೇ ಇಷ್ಟ. ಹೊಕ್ಕಳ ಮಟ್ಟದಲ್ಲಿ ಹೊಟ್ಟೆಯ ಸುತ್ತಳತೆ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ಸೆಂಟಿಮೀಟರ್ ದಾಟಿತು ಅಂದರೆ ಈ ಬರಹ ನಿಮ್ಮ ಮನೆಗೂ ಸಂಬಂಧಪಟ್ಟಿದ್ದು. ಕೈಕಾಲು ಸಣ್ಣಗಿದ್ದು ಹೊಟ್ಟೆ ಮಾತ್ರ ಮುಂದೆ ಬಂದಿರುವವರು ನಮ್ಮ ಕಡೆ ಬೇಕಾದಷ್ಟು ಜನ ಇದ್ದಾರೆ. ಅವರನ್ನು ಯಾರೂ ದಪ್ಪ ಅನ್ನುವುದಿಲ್ಲ. ಕಾಯಿಲೆ ಬಿದ್ದಾಗ ಆ ಹೊಟ್ಟೆ ತನ್ನ ಲೆಕ್ಕ ಕೇಳಿಯೇ ಕೇಳುತ್ತದೆ.

ಒಳಗೆ ಏನಾಗುತ್ತದೆ

ಇದನ್ನು ಒಮ್ಮೆ ಅರ್ಥ ಮಾಡಿಕೊಂಡರೆ ಮುಂದಿನ ಸಲಹೆಗಳನ್ನು ಬಾಯಿಪಾಠ ಮಾಡಬೇಕಾಗಿಲ್ಲ.

ಎದೆಗೂ ಹೊಟ್ಟೆಗೂ ನಡುವೆ ವಪೆ ಅನ್ನುವ ಮಾಂಸದ ಪರದೆ ಇದೆ. ಉಸಿರು ಎಳೆದಾಗ ಅದು ಕೆಳಗೆ ಇಳಿಯುತ್ತದೆ, ಶ್ವಾಸಕೋಶ ಹಿಗ್ಗುತ್ತದೆ. ಒಂದು 5 ಕೆಜಿ ಅಕ್ಕಿ ಚೀಲವನ್ನು ಹೊಟ್ಟೆ ಮೇಲೆ ಇಟ್ಟುಕೊಂಡು ಅಂಗಾತ ಮಲಗಿ ನೋಡಿ. ಪ್ರತಿ ಉಸಿರಿಗೂ ಆ ಚೀಲವನ್ನು ಎತ್ತಬೇಕಾಗುತ್ತದೆ ಅಲ್ವಾ? ದಪ್ಪ ಹೊಟ್ಟೆಯವರು ಮಲಗಿದಾಗಲೆಲ್ಲ ಈ ಕೆಲಸ ಮಾಡುತ್ತಿರುತ್ತಾರೆ. ಹೊಟ್ಟೆಯ ಭಾರ ವಪೆಯನ್ನು ಮೇಲಕ್ಕೆ ತಳ್ಳುತ್ತದೆ. ಶ್ವಾಸಕೋಶದ ಬುಡದ ಭಾಗ ಪೂರ್ತಿ ಬಿಚ್ಚಿಕೊಳ್ಳುವುದೇ ಇಲ್ಲ, ಅಲ್ಲಿನ ಸಣ್ಣ ಗಾಳಿಚೀಲಗಳು ಮುಚ್ಚಿಕೊಳ್ಳುತ್ತವೆ. ರಕ್ತ ಮಾತ್ರ ಅಲ್ಲಿಗೆ ಹೋಗುತ್ತಲೇ ಇರುತ್ತದೆ. ಗಾಳಿ ಇಲ್ಲದ ಜಾಗಕ್ಕೆ ಹೋದ ರಕ್ತ ಆಕ್ಸಿಜನ್ ಸಿಗದೆ ಬರಿಗೈಯಲ್ಲಿ ವಾಪಸ್ ಬರುತ್ತದೆ.

ಆರೋಗ್ಯವಾಗಿದ್ದಾಗ ದೇಹ ಇದನ್ನೆಲ್ಲ ಹೇಗೋ ನಿಭಾಯಿಸುತ್ತದೆ. ಉಸಿರು ಬಿಟ್ಟ ಮೇಲೂ ಶ್ವಾಸಕೋಶದಲ್ಲಿ ಒಂದಷ್ಟು ಗಾಳಿ ಉಳಿದಿರುತ್ತದೆ. ಅದು ನಮ್ಮ ಉಳಿತಾಯ. ದಪ್ಪ ಇರುವವರಲ್ಲಿ ಆ ಉಳಿತಾಯ ಕಮ್ಮಿ. ಮೈ ದೊಡ್ಡದು, ಹಾಗಾಗಿ ಆಕ್ಸಿಜನ್ ಖರ್ಚು ಜಾಸ್ತಿ. ಜ್ವರ ಬಂದರೆ ಖರ್ಚು ಇನ್ನೂ ಏರುತ್ತದೆ. ವೈರಸ್ ಶ್ವಾಸಕೋಶದೊಳಗೆ ಇಳಿದು ನ್ಯುಮೋನಿಯಾ ಆಯಿತು ಅಂದರೆ ಆದಾಯವೂ ಬಿತ್ತು. ತೆಳ್ಳಗಿನವರು ನಾಲ್ಕು ದಿನ ತಡೆದುಕೊಳ್ಳುವ ನ್ಯುಮೋನಿಯಾವನ್ನು ಇವರು ಅಷ್ಟು ಹೊತ್ತು ತಡೆದುಕೊಳ್ಳಲಾರರು. ಕಾಯಬೇಡಿ ಅಂತ ನಾನು ಹೇಳುವುದು ಇದಕ್ಕೇ.

ಇನ್ನೊಂದು ಕಥೆ ರೋಗನಿರೋಧಕ ಶಕ್ತಿಯದ್ದು. ಕೊಬ್ಬು ಸುಮ್ನೆ ಕೂತಿರುವುದಿಲ್ಲ. ಉರಿಯೂತ ಹುಟ್ಟಿಸುವ ಐಎಲ್-6ನಂಥ ರಾಸಾಯನಿಕಗಳನ್ನು ಅದು ದಿನವೂ ಸ್ವಲ್ಪ ಸ್ವಲ್ಪ ರಕ್ತಕ್ಕೆ ಬಿಡುತ್ತಿರುತ್ತದೆ. ಹೀಗೆ ಸದಾ ಸಣ್ಣಗೆ ಕಾದಿರುವ ಮೈಗೆ ವೈರಸ್ ಬಂದಾಗ ಎರಡು ತೊಂದರೆ. ವೈರಸ್ಸನ್ನು ಆರಂಭದಲ್ಲೇ ತಡೆಯುವ ಇಂಟರ್‌ಫೆರಾನ್ ತಡವಾಗಿ ಏಳುತ್ತದೆ. ಆಮೇಲೆ ಎದ್ದ ಉರಿಯೂತ ಬೇಗ ಇಳಿಯುವುದಿಲ್ಲ. ನಿಕರಾಗುವಾ ದೇಶದ ಮನಾಗುವಾ ನಗರದಲ್ಲಿ ಮನೆ ಮನೆಗೆ ಹೋಗಿ ಮಾಡಿದ ಒಂದು ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಫ್ಲೂ ಲಕ್ಷಣ ಇದ್ದ ವಯಸ್ಕರಲ್ಲಿ ಬೊಜ್ಜು ಇದ್ದವರು ಇನ್‌ಫ್ಲುಯೆಂಜಾ ಎ ವೈರಸ್ಸನ್ನು ಉಳಿದವರಿಗಿಂತ 42% ಹೆಚ್ಚು ಕಾಲ ಹೊರಗೆ ಬಿಡುತ್ತಿದ್ದರು. ಮನೆಯಲ್ಲಿ ಅಜ್ಜಿ, ಮಗು ಇದ್ದರೆ ಈ ಮಾತನ್ನು ನೆನಪಿಡಿ. ಜ್ವರ ಇಳಿದ ಮೇಲೂ ಇನ್ನಷ್ಟು ದಿನ ಮಾಸ್ಕ್ ಹಾಕಿಸಿ.

ಬೊಜ್ಜು ತಾನೇ ಒಂದು ಅಪಾಯ ಅಂತ ವೈದ್ಯಲೋಕ ಗಟ್ಟಿಯಾಗಿ ಹೇಳಲು ಶುರು ಮಾಡಿದ್ದು 2009ರ ಹಂದಿ ಜ್ವರದ ಸಮಯದಲ್ಲಿ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಆಸ್ಪತ್ರೆ ಸೇರಿದವರ ಲೆಕ್ಕ ತೆಗೆದಾಗ ಬಿಎಂಐ 40 ದಾಟಿದವರು ಸಾಯುವ ಸಾಧ್ಯತೆ ಜಾಸ್ತಿ ಅಂತ ಕಂಡಿತು. ಸಕ್ಕರೆ ಕಾಯಿಲೆ, ಹೃದಯದ ಕಾಯಿಲೆ ಇಲ್ಲದವರೂ ಅದರಲ್ಲಿದ್ದರು. ಆಮೇಲೆ ಕೋವಿಡ್ ಬಂತು. 2020ರ ಆರಂಭದಲ್ಲಿ ಫ್ರಾನ್ಸಿನ ಲಿಲ್ ನಗರದಲ್ಲಿ ಐಸಿಯು ಸೇರಿದ 124 ರೋಗಿಗಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನರ ಬಿಎಂಐ 30ರ ಮೇಲಿತ್ತು. 35 ದಾಟಿದವರಲ್ಲಿ 10ಕ್ಕೆ 8ಕ್ಕೂ ಹೆಚ್ಚು ಜನರಿಗೆ ವೆಂಟಿಲೇಟರ್ ಬೇಕಾಯಿತು. ಈ ಅಂಕಿಗಳನ್ನು ಹೆದರಿಸಲು ಹೇಳುತ್ತಿಲ್ಲ. "ಬರೀ ಫ್ಲೂ ತಾನೇ" ಅನ್ನುವ ಡಾಕ್ಟರ ಎದುರು ನೀವು ತೂಕದ ವಿಷಯ ಬಾಯಿಬಿಟ್ಟು ಹೇಳಲಿ ಅಂತ ಹೇಳುತ್ತಿದ್ದೇನೆ.

ಮಳೆಗಾಲಕ್ಕೆ ಮುಂಚೆ

ನಮ್ಮಲ್ಲಿ ಫ್ಲೂ ವರ್ಷಕ್ಕೆ ಎರಡು ಸಲ ಏರುತ್ತದೆ, ಮಳೆಗಾಲದಲ್ಲಿ ಒಮ್ಮೆ, ಜನವರಿಯಿಂದ ಮಾರ್ಚ್ ನಡುವೆ ಒಮ್ಮೆ. ಲಸಿಕೆ ಕೆಲಸ ಶುರು ಮಾಡಲು ಎರಡು ವಾರ ಬೇಕು. ಹಾಗಾಗಿ ಏಪ್ರಿಲ್, ಮೇ ತಿಂಗಳಲ್ಲಿ ಹಾಕಿಸಿಕೊಳ್ಳುವುದು ಒಳ್ಳೆಯದು. ಪ್ರತಿ ವರ್ಷ ಹಾಕಿಸಬೇಕು. ವೈರಸ್ ವೇಷ ಬದಲಿಸುತ್ತದೆ, ಲಸಿಕೆಯೂ ಬದಲಾಗುತ್ತದೆ.

ದಪ್ಪ ಇರುವವರಲ್ಲಿ ಫ್ಲೂ ಲಸಿಕೆ ಸ್ವಲ್ಪ ಕಮ್ಮಿ ಕೆಲಸ ಮಾಡುತ್ತದೆ ಅನ್ನುವುದು ನಿಜ. ಅಮೆರಿಕದ ನಾರ್ತ್ ಕ್ಯಾರೊಲಿನಾದಲ್ಲಿ ಇದನ್ನು ಹಿಂಬಾಲಿಸಿ ನೋಡಿದ್ದಾರೆ. ಲಸಿಕೆ ಹಾಕಿದ ತಿಂಗಳಲ್ಲಿ ಪ್ರತಿಕಾಯ ಚೆನ್ನಾಗಿಯೇ ಏರಿತು, ಆದರೆ ವರ್ಷದೊಳಗೆ ಬೇಗ ಇಳಿಯಿತು. ಇದನ್ನು ಕೇಳಿದವರು "ಹಾಗಾದರೆ ಯಾಕೆ ಹಾಕಿಸಬೇಕು" ಅನ್ನುತ್ತಾರೆ. ನನ್ನ ಲೆಕ್ಕ ಉಲ್ಟಾ. ಅಪಾಯ ಜಾಸ್ತಿ ಇರುವವರಿಗೆ ಅರ್ಧ ರಕ್ಷಣೆಯೂ ದೊಡ್ಡದು. ಜೊತೆಗೆ ಮನೆಯಲ್ಲಿ ಉಳಿದವರೂ ಹಾಕಿಸಿಕೊಳ್ಳಿ, ಆಗ ವೈರಸ್ ಒಳಗೆ ಬರುವ ಬಾಗಿಲುಗಳೇ ಕಮ್ಮಿ ಆಗುತ್ತವೆ.

ಯಾರೂ ಹೇಳದ ಒಂದು ಸಣ್ಣ ವಿಷಯ, ಸೂಜಿಯ ಉದ್ದ. ಈ ಲಸಿಕೆ ತೋಳಿನ ಮಾಂಸಕ್ಕೆ ತಲುಪಬೇಕು, ಕೊಬ್ಬಿನಲ್ಲೇ ನಿಂತುಬಿಡಬಾರದು. ಹೆಂಗಸರು 90 ಕೆಜಿ, ಗಂಡಸರು 118 ಕೆಜಿ ದಾಟಿದ್ದರೆ ಒಂದೂವರೆ ಇಂಚಿನ ಸೂಜಿ ಬಳಸಬೇಕು ಅಂತ ಅಮೆರಿಕದ ಸರ್ಕಾರಿ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಹೇಳುತ್ತದೆ. ಕ್ಲಿನಿಕ್‌ನಲ್ಲಿ ಧೈರ್ಯವಾಗಿ ಕೇಳಿ. "ಸಿಸ್ಟರ್, ನನ್ನ ತೋಳಿಗೆ ಉದ್ದ ಸೂಜಿ ಬೇಕಾಗುತ್ತಾ ನೋಡಿ" ಅಂದರೆ ಸಾಕು.

ಇನ್ನೊಂದು ಕೆಲಸ, ಗೊರಕೆಯ ತನಿಖೆ. ರಾತ್ರಿ ಗೊರಕೆ ಹೊಡೆಯುತ್ತಾ ಹೊಡೆಯುತ್ತಾ ಉಸಿರು ನಿಂತು, ಆಮೇಲೆ ಗಕ್ಕನೆ ಶುರುವಾಗುತ್ತದಾ? ಬೆಳಿಗ್ಗೆ ತಲೆನೋವಾ? ಹಗಲು ಕೂತಲ್ಲೇ ನಿದ್ದೆಯಾ? ಕುತ್ತಿಗೆಯ ಸುತ್ತಳತೆ 40 ಸೆಂಟಿಮೀಟರ್ ದಾಟಿದೆಯಾ? ಇದ್ದರೆ ನಿದ್ದೆಯಲ್ಲಿ ಉಸಿರು ಕಟ್ಟುವ ಕಾಯಿಲೆ ಇರಬಹುದು, ಸ್ಲೀಪ್ ಸ್ಟಡಿ ಅನ್ನುವ ನಿದ್ದೆಯ ಪರೀಕ್ಷೆ ಮಾಡಿಸಿ. ಇದು ಗೊತ್ತಿಲ್ಲದೇ ಫ್ಲೂ ಬಂದರೆ ರಾತ್ರಿಗಳು ತುಂಬಾ ಕಷ್ಟ. ಅಣ್ಣನಿಗೆ ಇದು ಮೊದಲೇ ಗೊತ್ತಿತ್ತು, ಮಲಗಿದಾಗ ಮಾಸ್ಕ್ ಮೂಲಕ ಗಾಳಿ ಒತ್ತಿ ಗಂಟಲ ದಾರಿ ಮುಚ್ಚದಂತೆ ಇಡುವ ಸಿಪ್ಯಾಪ್ ಮೆಷಿನ್ ಮನೆಯಲ್ಲಿತ್ತು. ಬಳಸುತ್ತಿದ್ದನಾ ಅನ್ನುವುದು ಬೇರೆ ವಿಷಯ. ಅತ್ತಿಗೆ ಅದರ ಮೇಲೆ ಟವೆಲ್ ಒಣಗಿಸುತ್ತಿದ್ದರು.

ಆರೋಗ್ಯವಾಗಿರುವಾಗಲೇ ಬೆರಳಿಗೆ ಹಾಕಿ ರಕ್ತದ ಆಕ್ಸಿಜನ್ ನೋಡುವ ಒಂದು ಪಲ್ಸ್ ಆಕ್ಸಿಮೀಟರ್ ತಂದು, ಕೂತಾಗ ಎಷ್ಟು, ಮನೆಯೊಳಗೆ ನಡೆದ ಮೇಲೆ ಎಷ್ಟು, ಬೆಳಿಗ್ಗೆ ಎದ್ದ ತಕ್ಷಣ ಎಷ್ಟು ಅಂತ ಬರೆದಿಡಿ. ತುಂಬಾ ದಪ್ಪ ಇರುವ ಕೆಲವರ ಆಕ್ಸಿಜನ್ ಮಾಮೂಲಿ ದಿನಗಳಲ್ಲೇ 94, 95 ಇರುತ್ತದೆ. ಅದು ಮೊದಲೇ ಗೊತ್ತಿದ್ದರೆ ಜ್ವರದ ದಿನ ಗೊಂದಲ ಇರುವುದಿಲ್ಲ. ಮೊದಲೇ ಅಷ್ಟು ಕಮ್ಮಿ ಇದ್ದರೆ ಅದಕ್ಕೇ ಒಮ್ಮೆ ಎದೆ ಡಾಕ್ಟರ ಹತ್ತಿರ ಹೋಗಿ.

ಜ್ವರ ಬಂದ ದಿನ

ತೆಳ್ಳಗಿರುವ ಹುಡುಗರಿಗೆ ಫ್ಲೂ ಬಂದರೆ ನಾನೂ "ರೆಸ್ಟ್ ಮಾಡು, ಗಂಜಿ ಕುಡಿ" ಅನ್ನುತ್ತೇನೆ. ಬಿಎಂಐ 40ರ ಆಸುಪಾಸಿನವರಿಗೆ, ಅದಕ್ಕಿಂತ ಕಮ್ಮಿ ಇದ್ದರೂ ಸಕ್ಕರೆ, ಬಿಪಿ, ಆಸ್ತಮಾ ಇರುವವರಿಗೆ, ಮೊದಲ ದಿನವೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಕಾರಣ ಒಸೆಲ್ಟಾಮಿವಿರ್ ಅನ್ನುವ ಫ್ಲೂ ಮಾತ್ರೆ. ಲಕ್ಷಣ ಶುರುವಾದ 48 ಗಂಟೆಯೊಳಗೆ ಕೊಟ್ಟರೆ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ಕೊಡಬೇಕೋ ಬೇಡವೋ ಡಾಕ್ಟರ್ ತೀರ್ಮಾನಿಸುತ್ತಾರೆ. ನೀವು ಹೇಳಬೇಕಾದ್ದು ಮೂರು ಮಾತು: ಜ್ವರ ಯಾವ ಹೊತ್ತಿಗೆ ಶುರುವಾಯಿತು, ತೂಕ ಎಷ್ಟು, ಬೇರೆ ಏನು ಕಾಯಿಲೆ ಇದೆ. ದಪ್ಪ ಇದ್ದಾರೆ ಅಂತ ಈ ಮಾತ್ರೆಯ ಡೋಸ್ ಜಾಸ್ತಿ ಮಾಡಬೇಕಾಗಿಲ್ಲ. ವೈರಸ್ಸಿಗೆ ಆಂಟಿಬಯಾಟಿಕ್ ಕೆಲಸ ಮಾಡುವುದಿಲ್ಲ, ಮೆಡಿಕಲ್ ಶಾಪ್‌ನಲ್ಲಿ ಕೇಳಿ ತರಬೇಡಿ.

ಸಕ್ಕರೆ ಕಾಯಿಲೆಗೆ ಡಾಪಾಗ್ಲಿಫ್ಲೋಜಿನ್ ತರದ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದನ್ನು ಮರೆಯದೇ ಹೇಳಿ. ಊಟ ಸೇರದೆ, ವಾಂತಿ ಆಗುವಾಗ ಅದನ್ನು ಮುಂದುವರಿಸಿದರೆ ರಕ್ತ ಆಮ್ಲವಾಗುವ ಅಪಾಯ ಇದೆ. ನಿಲ್ಲಿಸಬೇಕಾ ಅಂತ ಕೇಳಿ. ತೂಕ ಇಳಿಸುವ ಇಂಜೆಕ್ಷನ್ ತೆಗೆದುಕೊಳ್ಳುವವರೂ ಹಾಗೇ, ಹೇಳಿಬಿಡಿ.

ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು. ಡೋಲೊ ಅಂತ ತಂದರೂ, ಬೇರೆ ಹೆಸರಿನಲ್ಲಿ ತಂದರೂ ಅದು ಪ್ಯಾರಾಸಿಟಮಾಲ್ಲೇ. ಎರಡು ಹೆಸರಿನದ್ದನ್ನು ಒಟ್ಟಿಗೆ ನುಂಗಿಸಬೇಡಿ. ದಪ್ಪ ಇರುವವರಲ್ಲಿ ಲಿವರ್‌ಗೆ ಕೊಬ್ಬು ಸೇರಿರುವುದು ಸಾಮಾನ್ಯ. ದಿನಕ್ಕೆ ಎಷ್ಟು ಅಂತ ಡಾಕ್ಟರ ಬಾಯಲ್ಲೇ ಕೇಳಿ ಬರೆದುಕೊಳ್ಳಿ.

ಈಗ ಬೇಡದ್ದರ ಮಾತು. ನಿದ್ದೆ ಬರಿಸುವ ಕೆಮ್ಮಿನ ಸಿರಪ್, ನಿದ್ದೆ ಮಾತ್ರೆ, "ಒಂದು ಮುಚ್ಚಳ ಬ್ರಾಂಡಿಗೆ ಮೆಣಸಿನ ಪುಡಿ ಹಾಕಿ ಕುಡಿಸು" ಅನ್ನುವ ಸಲಹೆ, ಮೂರೂ ಬೇಡ. ಇವೆಲ್ಲ ಗಂಟಲಿನ ಮಾಂಸವನ್ನು ಸಡಿಲ ಮಾಡುತ್ತವೆ, ಉಸಿರಿನ ಹುಮ್ಮಸ್ಸು ಕುಗ್ಗಿಸುತ್ತವೆ. ಗೊರಕೆಯವರಿಗೆ ಇದು ಸೀದಾ ಅಪಾಯ. ಅಣ್ಣನ ಸ್ನೇಹಿತರೊಬ್ಬರು ಕ್ವಾರ್ಟರ್ ಬಾಟಲ್ ಹಿಡಿದುಕೊಂಡೇ ನೋಡಲು ಬಂದಿದ್ದರು. ಪ್ರೀತಿಯಿಂದಲೇ ತಂದದ್ದು. ಕಾಫಿ ಕುಡಿಸಿ ಬಾಟಲ್ ಸಮೇತ ವಾಪಸ್ ಕಳಿಸಿದೆವು.

ಸ್ಟೀರಾಯ್ಡ್ ಮಾತ್ರೆಯನ್ನಂತೂ ನೀವಾಗಿ ಮುಟ್ಟಬೇಡಿ. ಕೋವಿಡ್‌ನಲ್ಲಿ ಡೆಕ್ಸಾಮೆಥಸೋನ್ ಜೀವ ಉಳಿಸಿದ್ದು ಆಕ್ಸಿಜನ್ ಬೇಕಾದವರಲ್ಲಿ ಮಾತ್ರ, ಅಂತ 2020ರಲ್ಲಿ ಬ್ರಿಟನ್ನಿನ ರಿಕವರಿ ಅನ್ನುವ ಹೆಸರಿನ ಔಷಧಿ ಪ್ರಯೋಗ ತೋರಿಸಿತು. ಆಕ್ಸಿಜನ್ ಬೇಡದವರಿಗೆ ಲಾಭ ಕಾಣಲಿಲ್ಲ. ಅದು ಸಕ್ಕರೆಯನ್ನು ಗಗನಕ್ಕೆ ಏರಿಸುತ್ತದೆ. 2021ರಲ್ಲಿ ಕಪ್ಪು ಶಿಲೀಂಧ್ರದ ವಾರ್ಡುಗಳನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕೂರಿಸುವುದು, ಒರಗಿಸುವುದು

ನನ್ನ ಕಸುಬು ಇದು, ಹಾಗಾಗಿ ಸ್ವಲ್ಪ ಉದ್ದ ಆಗುತ್ತದೆ.

ಕಾಯಿಲೆಯವರನ್ನು ಕಂಡ ತಕ್ಷಣ ನಮ್ಮ ಜನ "ಮಲಗಿಕೋ, ಏಳಬೇಡ" ಅನ್ನುತ್ತಾರೆ. ದಪ್ಪ ಹೊಟ್ಟೆಯವರಿಗೆ ಅಂಗಾತ ಮಲಗುವುದು ವಿಶ್ರಾಂತಿಯೇ ಅಲ್ಲ. ಹಗಲಲ್ಲಿ ಆದಷ್ಟು ಹೊತ್ತು ಕುರ್ಚಿ. ಎರಡೂ ಕಡೆ ಕೈ ಇರುವ, ಗಟ್ಟಿ ಕುರ್ಚಿ. ಬಟ್ಟೆಯ ಆರಾಮ ಕುರ್ಚಿ ಹೆಸರಿಗೆ ಮಾತ್ರ ಆರಾಮ, ಅದರಲ್ಲಿ ಮೈ ಮಡಚಿ ಹೊಟ್ಟೆ ಎದೆಗೆ ಒತ್ತುತ್ತದೆ. ಕೂತಾಗ ಪಾದ ನೆಲಕ್ಕೆ ತಾಗಬೇಕು, ಮಂಡಿ ಸ್ವಲ್ಪ ಅಗಲ ಇರಬೇಕು. ಮಂಡಿಗಳ ನಡುವೆ ಹೊಟ್ಟೆ ಕೆಳಗೆ ಇಳಿಯಲು ಜಾಗ ಬೇಕು. ಪ್ಯಾಂಟು, ಲಾಡಿ, ಪೆಟಿಕೋಟಿನ ಗಂಟು ಸಡಿಲ ಮಾಡಿ. ಲುಂಗಿ, ನೈಟಿ ಒಳ್ಳೆಯದು.

ಉಸಿರು ಸಾಲದು ಅನಿಸಿದಾಗ ಊಟದ ಟೇಬಲ್ ಮುಂದೆ ಕೂರಿಸಿ. ಟೇಬಲ್ ಮೇಲೆ ಎರಡು ದಿಂಬು ಇಟ್ಟು, ಅದರ ಮೇಲೆ ಮೊಣಕೈ ಊರಿ, ಮುಂದಕ್ಕೆ ಬಾಗಲಿ. ಭುಜದ ಭಾರ ಕೈಗೆ ಹೋಗುತ್ತದೆ, ಎದೆಗೂಡು ಹಗುರಾಗುತ್ತದೆ. ಬೇಕಾದರೆ ಹಾಗೇ ತಲೆ ಇಟ್ಟು ಒಂದು ಜೊಂಪು ತೆಗೆಯಬಹುದು.

ರಾತ್ರಿಗೆ ತಲೆ ಕೆಳಗೆ ಮೂರು ದಿಂಬು ಪೇರಿಸಬೇಡಿ. ಕುತ್ತಿಗೆ ಮುಂದಕ್ಕೆ ಬಾಗಿ ಗಂಟಲ ದಾರಿ ಕಿರಿದಾಗುತ್ತದೆ, ಗೊರಕೆ ಹೆಚ್ಚುತ್ತದೆ. ಎತ್ತಬೇಕಾದ್ದು ಸೊಂಟದಿಂದ ಮೇಲಿನ ಇಡೀ ಮೈ. ನಾವು ಮಂಚದ ತಲೆ ಕಡೆಯ ಎರಡು ಕಾಲುಗಳ ಕೆಳಗೆ ಎರಡೆರಡು ಇಟ್ಟಿಗೆ ಕೊಟ್ಟು, ಹಾಸಿಗೆಯ ಮೇಲೆ ಹಳೆಯ ಸೋಫಾದ ಕುಶನ್‌ಗಳನ್ನು ಇಳಿಜಾರಾಗಿ ಜೋಡಿಸಿದೆವು. ಮೊದಲು ಮಂಚ ಅಲ್ಲಾಡುವುದಿಲ್ಲ ಅಂತ ಕೂತು ಪರೀಕ್ಷೆ ಮಾಡಿ, ಗೋಡೆಗೆ ಒತ್ತಿಸಿ ಇಡಿ. ಕೆಳಗೆ ಜಾರದ ಹಾಗೆ ಮಂಡಿ ಕೆಳಗೆ ಸುತ್ತಿದ ಕಂಬಳಿ ಇಡಿ. ಸಿಪ್ಯಾಪ್ ಇದ್ದರೆ ಜ್ವರದ ರಾತ್ರಿಗಳಲ್ಲಿ ಅದನ್ನು ಬಿಡಬಾರದು. ಆದರೆ ಅದರಿಂದ ಬರುವ ಗಾಳಿ ವೈರಸ್ಸನ್ನು ಕೋಣೆಗೆ ಹರಡಬಹುದು, ಆದ್ದರಿಂದ ಬೇರೆಯವರು ಬೇರೆ ಕೋಣೆಯಲ್ಲಿ ಮಲಗಿ, ಕಿಟಕಿ ತೆರೆದಿಡಿ.

ಮಗ್ಗುಲಾಗಿ ಮಲಗುವುದೂ ಒಳ್ಳೆಯದು. ಹೊಟ್ಟೆ ಹಾಸಿಗೆಯ ಮೇಲೆ ಕೂರುತ್ತದೆ, ವಪೆಗೆ ಬಿಡುವು ಸಿಗುತ್ತದೆ. ಬೆನ್ನಿಗೆ ಒಂದು ದಿಂಬು, ಮಂಡಿಗಳ ನಡುವೆ ಒಂದು. ಒಂದೆರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಲಿ.

ಬೋರಲು ಮಲಗಿಸುವುದನ್ನು ಕೋವಿಡ್ ಕಾಲದಲ್ಲಿ ಎಲ್ಲರೂ ಕೇಳಿದ್ದೀರಿ. 2021ರ ಏಪ್ರಿಲ್‌ನಲ್ಲಿ ಕೇಂದ್ರ ಆರೋಗ್ಯ ಸಚಿವಾಲಯವೇ ದಿಂಬುಗಳ ಚಿತ್ರ ಹಾಕಿ ಹೇಳಿಕೊಟ್ಟಿತ್ತು. ಶ್ವಾಸಕೋಶದ ಹಿಂಭಾಗ ಬಿಚ್ಚಿಕೊಳ್ಳುತ್ತದೆ ಅನ್ನುವುದು ಅದರ ಲಾಭ. ದಪ್ಪ ಇರುವವರಿಗೂ ಇದು ಆಗುತ್ತದೆ, ಆದರೆ ಹೊಟ್ಟೆ ಹಾಸಿಗೆಗೆ ಒತ್ತದೆ ತೂಗಾಡುವಂತೆ ಎದೆ ಕೆಳಗೆ ಮತ್ತು ಸೊಂಟದ ಕೆಳಗೆ ದಪ್ಪ ದಿಂಬು ಬೇಕು. ಐಸಿಯುನಲ್ಲಿ 110 ಕೆಜಿಯವರನ್ನು ತಿರುಗಿಸಲು ನಾವು ಐದಾರು ಜನ ನಿಲ್ಲುತ್ತೇವೆ. ಮನೆಯಲ್ಲಿ ತಾನಾಗಿ ತಿರುಗಲು, ತಾನಾಗಿ ವಾಪಸ್ ಬರಲು ಆಗುವವರು ಮಾತ್ರ ಇದನ್ನು ಮಾಡಲಿ. ಊಟ ಆಗಿ ಒಂದು ಗಂಟೆಯೊಳಗೆ ಬೇಡ. ಬಸುರಿಯರಿಗೆ, ಹೃದಯದ ದೊಡ್ಡ ತೊಂದರೆ ಇರುವವರಿಗೆ ಬೇಡವೇ ಬೇಡ. ಆಕ್ಸಿಜನ್ ಇಳಿದಿದೆ ಅಂತ ಬೋರಲು ಮಲಗಿಸಿ ಆಸ್ಪತ್ರೆಗೆ ಹೋಗುವುದನ್ನು ಮುಂದೂಡುವುದು ಎಲ್ಲಕ್ಕಿಂತ ಕೆಟ್ಟದ್ದು.

ಮೈ ಮಡಿಕೆಗಳನ್ನು ಮರೆಯಬೇಡಿ. ಹೊಟ್ಟೆಯ ಕೆಳಗೆ, ಎದೆಯ ಕೆಳಗೆ, ತೊಡೆ ಸಂದಿಯಲ್ಲಿ ಜ್ವರದ ಬೆವರು ನಿಂತು ಚರ್ಮ ಕಿತ್ತುಬರುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣ ಹತ್ತಿ ಬಟ್ಟೆಯಲ್ಲಿ ಒತ್ತಿ ಒಣಗಿಸಿ.

ಏನು ನೋಡಬೇಕು

ಆಕ್ಸಿಮೀಟರ್ ಹಾಕುವ ಬೆರಳಿಗೆ ನೈಲ್ ಪಾಲಿಶ್, ಮೆಹಂದಿ ಇರಬಾರದು, ಬೆರಳು ಬೆಚ್ಚಗಿರಬೇಕು, ಒಂದು ನಿಮಿಷ ಅಲ್ಲಾಡಿಸದೇ ಕಾಯಬೇಕು. ಬಣ್ಣ ಗಾಢ ಇರುವ ಚರ್ಮದಲ್ಲಿ ಈ ಯಂತ್ರ ಇರುವುದಕ್ಕಿಂತ ಸ್ವಲ್ಪ ಜಾಸ್ತಿ ತೋರಿಸಬಹುದು ಅಂತ 2020ರಲ್ಲಿ ಅಮೆರಿಕದ ವೈದ್ಯರು ಕಂಡುಕೊಂಡರು. ಆದ್ದರಿಂದ 94 ಬಂದಾಗ "ಸದ್ಯ, 94 ಇದೆ" ಅಂತ ಸಮಾಧಾನಪಡಬೇಡಿ.

ಕೂತಾಗ ಒಂದು ಸಲ ನೋಡಿ, ಮನೆಯೊಳಗೆ ಕೆಲವು ನಿಮಿಷ ನಿಧಾನಕ್ಕೆ ನಡೆಸಿ ಇನ್ನೊಂದು ಸಲ ನೋಡಿ. ಕೂತಾಗ ಚೆನ್ನಾಗಿದ್ದು ನಡೆದ ಮೇಲೆ 3 ಅಂಕಿ ಅಥವಾ ಅದಕ್ಕಿಂತ ಜಾಸ್ತಿ ಬಿದ್ದರೆ ಒಳಗೆ ನ್ಯುಮೋನಿಯಾ ಶುರುವಾಗಿರಬಹುದು. ಕೂತಾಗಲೇ 94ಕ್ಕಿಂತ ಕೆಳಗೆ ಬಂದವರನ್ನು ನಡೆಸಬೇಡಿ. ಅವತ್ತೇ ಆಸ್ಪತ್ರೆ. ಮಾಮೂಲಿ ದಿನದ ಅಂಕಿಯೇ ಕಮ್ಮಿ ಇದ್ದವರು ಅದಕ್ಕಿಂತ 3 ಇಳಿದರೆ ಹೊರಡಬೇಕು.

ಯಂತ್ರ ಇಲ್ಲದಿದ್ದರೆ ಉಸಿರು ಎಣಿಸಿ. ಅವರಿಗೆ ಹೇಳದೇ ಎಣಿಸಬೇಕು, ಹೇಳಿದರೆ ಉಸಿರಾಟ ಬದಲಾಗುತ್ತದೆ. ನಾಡಿ ಹಿಡಿದ ಹಾಗೆ ನಟಿಸುತ್ತಾ ಎದೆ ಎಷ್ಟು ಸಲ ಏಳುತ್ತದೆ ಅಂತ ಪೂರ್ತಿ ಒಂದು ನಿಮಿಷ ನೋಡಿ. 12ರಿಂದ 20 ಮಾಮೂಲಿ. 24 ದಾಟಿದರೆ ಡಾಕ್ಟರಿಗೆ ಫೋನ್. 30 ಮುಟ್ಟಿದರೆ 108.

ಇದಕ್ಕಿಂತ ಮುಖ್ಯವಾದದ್ದು ನಿದ್ದೆಗಣ್ಣು. ದಪ್ಪ ಇರುವವರು ಜ್ವರದ ನಡುವೆ ಮಾತಿಗೆ ಸರಿಯಾಗಿ ಉತ್ತರ ಕೊಡದೆ ತೂಕಡಿಸುತ್ತಿದ್ದರೆ, "ಪಾಪ, ಸುಸ್ತಾಗಿದೆ, ಮಲಗಲಿ" ಅಂತ ಬಿಡಬೇಡಿ. ಕಾರ್ಬನ್ ಡೈಆಕ್ಸೈಡ್ ಹೊರಗೆ ಹೋಗದೆ ರಕ್ತದಲ್ಲಿ ತುಂಬಿಕೊಂಡಾಗಲೂ ಹೀಗೇ ಆಗುತ್ತದೆ. ಆಕ್ಸಿಮೀಟರ್ ಅದನ್ನು ತೋರಿಸುವುದಿಲ್ಲ. ಎಬ್ಬಿಸಿ, ಮಾತಾಡಿಸಿ. ಸರಿಯಾಗಿ ಎಚ್ಚರವಾಗದಿದ್ದರೆ ತಕ್ಷಣ ಹೊರಡಿ. ಹಾಗೇ, ಒಂದೇ ಕಾಲು ಊದಿ ನೋಯುವುದು, ಎದೆಯಲ್ಲಿ ಚುಚ್ಚಿದ ಹಾಗಾಗುವುದು ರಕ್ತ ಹೆಪ್ಪುಗಟ್ಟಿದ್ದರ ಗುರುತಿರಬಹುದು. ಮಲಗೇ ಇರುವ ದಪ್ಪ ಮೈಯವರಲ್ಲಿ ಇದು ಜಾಸ್ತಿ. ಆದ್ದರಿಂದ ಆಕ್ಸಿಜನ್ ಸರಿ ಇರುವವರೆಗೆ ಗಂಟೆಗೊಮ್ಮೆಯಾದರೂ ಎದ್ದು ಬಾತ್‌ರೂಮಿನವರೆಗೆ ನಡೆಯಲಿ.

ಫ್ಲೂ ಜ್ವರ ಇಳಿದು, ಚೇತರಿಸಿಕೊಂಡ ಮೇಲೆ ಮತ್ತೆ ಜ್ವರ ಏರಿ ಕಫದ ಬಣ್ಣ ಬದಲಾದರೆ ಬ್ಯಾಕ್ಟೀರಿಯಾದ ನ್ಯುಮೋನಿಯಾ ಬಂದಿರಬಹುದು. ಕೋವಿಡ್‌ನಲ್ಲಿ ಎರಡನೇ ವಾರಕ್ಕೆ ಕಾಲಿಡುವಾಗ ಹೆಚ್ಚು ಎಚ್ಚರ ಬೇಕು.

ಊಟದ ವಿಷಯ ಬೇಗ ಮುಗಿಸುತ್ತೇನೆ. "ಹೇಗೂ ದಪ್ಪ ಇದ್ದಾನೆ, ನಾಲ್ಕು ದಿನ ಉಪವಾಸ ಇದ್ದರೆ ಒಳ್ಳೆಯದೇ" ಅನ್ನುವವರ ಮಾತು ಕೇಳಬೇಡಿ. ಜ್ವರದಲ್ಲಿ ಉಪವಾಸ ಇದ್ದರೆ ಕರಗುವುದು ಮಾಂಸ, ಉಸಿರು ಎಳೆಯುವ ಮಾಂಸವೂ ಅದರಲ್ಲಿದೆ. ಬರೀ ಗಂಜಿ ಸಾಲದು. ಹೆಸರುಬೇಳೆ ಪೊಂಗಲ್, ಮೊಸರನ್ನ, ಮೊಟ್ಟೆ, ಕಟ್ಟಿನ ಸಾರು, ಯಾವುದು ಸೇರುತ್ತದೋ ಅದು. ಒಂದೇ ಸಲ ಹೊಟ್ಟೆ ತುಂಬಾ ಬೇಡ, ತುಂಬಿದ ಹೊಟ್ಟೆಯೂ ವಪೆಯನ್ನು ಒತ್ತುತ್ತದೆ.

ಆಸ್ಪತ್ರೆಗೆ ಹೊರಟಾಗ

108ಕ್ಕೆ ಫೋನ್ ಮಾಡಿದಾಗ ತೂಕ ಹೇಳಿ, ಯಾವ ಮಹಡಿ ಅಂತ ಹೇಳಿ. ಎತ್ತಿ ಇಳಿಸಲು ಅದಕ್ಕೆ ತಕ್ಕಷ್ಟು ಜನ ಬೇಕಾಗುತ್ತದೆ. ಮೆಟ್ಟಿಲಿದ್ದರೆ ನಡೆಸಿ ಇಳಿಸಬೇಡಿ, ಗಟ್ಟಿ ಕುರ್ಚಿಯಲ್ಲಿ ಕೂರಿಸಿ ನಾಲ್ಕು ಜನ ಹಿಡಿಯಿರಿ. ವಾಹನದಲ್ಲೂ ಕೂತೇ ಹೋಗಲಿ. ಸ್ಟ್ರೆಚರ್ ಆದರೆ ತಲೆ ಕಡೆ ಎತ್ತಿಸಿ. ಸಿಪ್ಯಾಪ್ ಮೆಷಿನ್, ಅದರ ಮಾಸ್ಕ್, ಮಾತ್ರೆಗಳ ಚೀಟಿ, ಮಾಮೂಲಿ ದಿನದ ಆಕ್ಸಿಜನ್ ಬರೆದ ಹಾಳೆ ಜೊತೆಗಿರಲಿ.

ಮನೆಗೆ ಆಕ್ಸಿಜನ್ ಕಾನ್ಸೆಂಟ್ರೇಟರ್ ಬಾಡಿಗೆ ತಂದು ನೀವಾಗಿ ಜೋರಾಗಿ ಬಿಡಬೇಡಿ. ತುಂಬಾ ದಪ್ಪ ಇದ್ದು, ಮೊದಲಿಂದಲೂ ಕಾರ್ಬನ್ ಡೈಆಕ್ಸೈಡ್ ತುಂಬಿಕೊಳ್ಳುವವರಿಗೆ ಆಕ್ಸಿಜನ್ ಅತಿಯಾದರೆ ಉಸಿರು ಇನ್ನೂ ಮಂದವಾಗುತ್ತದೆ. ಅಂಥವರಿಗೆ ಡಾಕ್ಟರುಗಳು 88ರಿಂದ 92ರ ನಡುವೆ ಇಡಲು ನೋಡುತ್ತಾರೆ. "ನಮ್ಮವರಿಗೆ ಯಾಕೆ 98ಕ್ಕೆ ಏರಿಸುತ್ತಿಲ್ಲ" ಅಂತ ವಾರ್ಡಿನಲ್ಲಿ ಜಗಳ ಆಡುವ ಮುಂಚೆ ಇದನ್ನು ಕೇಳಿ ತಿಳಿದುಕೊಳ್ಳಿ.

ಎಮರ್ಜೆನ್ಸಿಯಲ್ಲಿ ಹೇಳಬೇಕಾದ್ದು ಇಷ್ಟು. ನಿದ್ದೆಯಲ್ಲಿ ಉಸಿರು ಕಟ್ಟುವ ಕಾಯಿಲೆ ಇದೆ. ಅಂಗಾತ ಮಲಗಿದರೆ ಉಸಿರು ಸಿಗುವುದಿಲ್ಲ. ಬಿಪಿ ನೋಡಲು ತೋಳಿಗೆ ಸುತ್ತುವ ಪಟ್ಟಿ, ಅಂದರೆ ಕಫ್, ದೊಡ್ಡದೇ ಬೇಕು. ಸಣ್ಣ ಕಫ್ ಕಟ್ಟಿದರೆ ಬಿಪಿ ಇರುವುದಕ್ಕಿಂತ ಜಾಸ್ತಿ ತೋರಿಸುತ್ತದೆ. ಸಿಟಿ ಸ್ಕ್ಯಾನ್‌ಗೆ ಅಂಗಾತ ಮಲಗಿಸಲೇಬೇಕು, ಅದಕ್ಕೆ ಮುಂಚೆ "ಎಷ್ಟು ಹೊತ್ತು ಮಲಗಬೇಕು, ಆಕ್ಸಿಜನ್ ಜೊತೆಗಿರುತ್ತಾ" ಅಂತ ಕೇಳಿ. ಎಲ್ಲ ಆಸ್ಪತ್ರೆಯಲ್ಲೂ ಸಿಬ್ಬಂದಿ ಕಮ್ಮಿ, ನಿಮ್ಮ ಈ ಒಂದು ಮಾತು ನಮಗೆ ನಿಜಕ್ಕೂ ಸಹಾಯ.

ಇನ್ನು ಬೈಗುಳ. ಕಾಯಿಲೆ ಮಲಗಿದಾಗ "ಆಗಲೇ ಹೇಳಿರಲಿಲ್ವಾ ತೂಕ ಇಳಿಸು ಅಂತ" ಅನ್ನುವ ನೆಂಟರನ್ನು ಬಾಗಿಲಲ್ಲೇ ತಡೆಯಿರಿ. ಡಾಕ್ಟರ ಬಾಯಲ್ಲೂ ಅದೇ ಮಾತು ಬರುತ್ತದೆ ಅನ್ನುವ ಹೆದರಿಕೆಗೆ ದಪ್ಪ ಇರುವವರು ಆಸ್ಪತ್ರೆಗೆ ಬರುವುದನ್ನೇ ಮುಂದೂಡುತ್ತಾರೆ. ಅಣ್ಣನೂ ಮೊದಲ ಸಂಜೆ "ಬೆಳಿಗ್ಗೆ ನೋಡೋಣ ಬಿಡೇ" ಅಂದಿದ್ದ. "ಬೈಯೋದಕ್ಕೆ ನಾನು ಬಿಡಲ್ಲ, ನಡಿ ಅಣ್ಣ" ಅಂದ ಮೇಲೇ ಚಪ್ಪಲಿ ಹಾಕಿದ್ದು. ಅವತ್ತು ರಾತ್ರಿಯೇ ಮಾತ್ರೆ ಶುರುವಾಯಿತು. ಅವನಿಗೆ ಐಸಿಯು ಬೇಕಾಗಲಿಲ್ಲ.

ತೂಕದ ಮಾತು ಆಡಲು ಹೊತ್ತು ಇದೆ. ಜ್ವರ ಬಿಟ್ಟು, ನಡೆದಾಗ ಆಕ್ಸಿಜನ್ ಬೀಳದೆ ನಿಂತ ಮೇಲೆ ಶುರು ಮಾಡಿ. 112ರಿಂದ 70ಕ್ಕೆ ಇಳಿಯಬೇಕಾಗಿಲ್ಲ. ಇರುವ ತೂಕದ 5ರಿಂದ 10% ಇಳಿದರೂ ಗೊರಕೆ, ಸಕ್ಕರೆ, ಉಸಿರು ಸುಧಾರಿಸಲು ಶುರುವಾಗುತ್ತದೆ. ಅಣ್ಣನ ಲೆಕ್ಕದಲ್ಲಿ ಅದು 6ರಿಂದ 11 ಕೆಜಿ. ಮೊದಲ ವಾರ ಮನೆಯೊಳಗಿನ ನಡಿಗೆ, ಕುರ್ಚಿಯಿಂದ ಎದ್ದು ಕೂರುವುದು, ಮೂಗಿನಿಂದ ನಿಧಾನವಾಗಿ ಎಳೆದು ಮೂರು ಎಣಿಸುವಷ್ಟು ತಡೆದು ಬಿಡುವುದು. ಮಾತಾಡುತ್ತಾ ನಡೆಯಲು ಆಗುವಷ್ಟೇ ವೇಗ ಸಾಕು. ನಡೆಯುವಾಗ ತಲೆ ಸುತ್ತಿದರೆ, ಎದೆ ಹಿಡಿದರೆ, ಅಂಕಿ ಮತ್ತೆ ಬಿದ್ದರೆ ಅಲ್ಲೇ ಕೂತು ಡಾಕ್ಟರಿಗೆ ಫೋನ್ ಮಾಡಿ.